ಹೆದ್ದಾರಿ ಮೀಡಿಯನ್‌ನಲ್ಲಿ ನಾಯಿಮರಿಗಳು: ಎತ್ತೋದಾ, ಬಿಡೋದಾ?

ನೆಲಮಂಗಲದವ
ಎಲ್ರಿಗೂ ನಮಸ್ಕಾರ. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ಕಡೆ ಒಂದು ಡಾಬಾ ಎದುರು, ಎರಡು ಪಥಗಳ ನಡುವಿನ ಮೀಡಿಯನ್‌ನ ಕಣಗಿಲೆ ಗಿಡಗಳ ಬುಡದಲ್ಲಿ ಕಂತ್ರಿ ನಾಯಿಯೊಂದು ಮರಿ ಹಾಕಿದೆ. ನಾಲ್ಕೈದು ಮರಿ. ಕಣ್ಣು ಬಿಟ್ಟಿವೆ, ಇನ್ನೂ ತೆವಳ್ತಿವೆ. ತಾಯಿ ಊಟಕ್ಕೆ ಅಂತ ಡಾಬಾ ಕಡೆಗೆ ರಸ್ತೆ ದಾಟಿ ಬಂದು ಹೋಗ್ತಾ ಇರುತ್ತೆ. ಎರಡೂ ಕಡೆ ಲಾರಿ, ಬಸ್ಸು ಬಿಡುವಿಲ್ಲ. ಡಾಬಾದವರು "ಮುಟ್ಬೇಡಿ, ತಾಯಿ ನೋಡ್ಕೊಳ್ಳುತ್ತೆ" ಅಂತಾರೆ. ಇನ್ನು ಕೆಲವರು "ಮರಿ ಎತ್ಕೊಂಡು ಯಾರಿಗಾದ್ರೂ ಕೊಟ್ಬಿಡಿ" ಅಂತಾರೆ. ಎತ್ತೋದಾದ್ರೆ ಹೇಗೆ? ತಾಯಿಯನ್ನ ಏನು ಮಾಡೋದು? ಎಲ್ಲಿಗೆ ಬಿಡೋದು? ಗೊತ್ತಿರೋರು ಬಿಡಿಸಿ ಹೇಳಿ.

ಬ್ಯಾಡಗಿ_ಖಾರ
ಮರಿ ಎತ್ಕೊಂಡು ಬರ್ರಿ. ಇದರಾಗ ಕೇಳೂದೇನೈತಿ?

ಪಶುವೈದ್ಯೆ_ಹಾಸನ
ಕೇಳೋದು ಬೇಕಾದಷ್ಟಿದೆ. ಮೊದಲು ಮರಿಗಳ ವಯಸ್ಸು ಅಂದಾಜು ಮಾಡಿ. ಕಣ್ಣು ಬಿಡೋದು 10ರಿಂದ 14 ದಿನಕ್ಕೆ. ಕಣ್ಣು ಬಿಟ್ಟು ಇನ್ನೂ ತೆವಳ್ತಿವೆ ಅಂದ್ರೆ ಎರಡು-ಮೂರು ವಾರದ ಒಳಗಿನವು. ಮೂರು ವಾರ ದಾಟಿದ ಮೇಲೆ ಕಾಲೂರಿ ನಡೆಯೋಕೆ ಶುರು ಮಾಡ್ತವೆ. ನಾಲ್ಕನೇ ವಾರದ ಹೊತ್ತಿಗೆ ಗೂಡು ಬಿಟ್ಟು ತಾಯಿಯ ಹಿಂದೆ ಹೊರಡ್ತವೆ. ಮೀಡಿಯನ್‌ನಲ್ಲಿ ಹಾಗೆ ಹೊರಟ ಮರಿ ಉಳಿಯೋದು ಕಷ್ಟ. ಹಾಗಾಗಿ ಈ ಕೇಸಲ್ಲಿ ಬಿಡುವ ಮಾತಿಲ್ಲ, ಎತ್ತಲೇಬೇಕು. ನಿಮ್ಮ ಕೈಯಲ್ಲಿರೋದು ಕೆಲವೇ ದಿನ.

ಆದರೆ ಮರಿ ಮಾತ್ರ ಎತ್ತಬೇಡಿ. ತಾಯಿ ಹಾಲಿಲ್ಲದೆ ಆ ವಯಸ್ಸಿನ ಮರಿ ಸಾಕೋದು ಹಗಲು-ರಾತ್ರಿಯ ಕೆಲಸ. ಮೂರು-ನಾಲ್ಕು ಗಂಟೆಗೊಮ್ಮೆ ಹಾಲು ಕೊಡಬೇಕು, ಪ್ರತಿ ಸಲ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗ ಸವರಿ ಮೂತ್ರ ಮಾಡಿಸಬೇಕು. ಹಸುವಿನ ಹಾಲಲ್ಲಿ ನಾಯಿಮರಿಗೆ ಬೇಕಾದಷ್ಟು ಕೊಬ್ಬು, ಪ್ರೋಟೀನ್ ಇಲ್ಲ. ಬರೀ ಅದನ್ನೇ ಕೊಟ್ರೆ ಭೇದಿ ಹಿಡಿದು ಸೊರಗ್ತವೆ. ತಾಯಿ ಸಮೇತ ಎತ್ತಿದ್ರೆ ಇದರಲ್ಲಿ ಮುಕ್ಕಾಲು ಪಾಲು ಅದೇ ನೋಡ್ಕೊಳ್ಳುತ್ತೆ.

ಲಾರಿ_ಲೋಕ
ಡ್ರೈವರ್ ಕಡೆಯಿಂದ ಒಂದು ಮಾತು. ನೀವು ಎಲ್ಲಿ ಗಾಡಿ ನಿಲ್ಲಿಸ್ತೀರ ಅನ್ನೋದು ಮೊದಲು ತೀರ್ಮಾನ ಆಗ್ಲಿ. 80ರಲ್ಲಿ ಬರೋ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಡ್ರೈವರ್ ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗಿ, ಗಾಡಿ ನಿಲ್ಲೋ ಹೊತ್ತಿಗೆ ಒಣ ರಸ್ತೆಯಲ್ಲೇ 65-70 ಮೀಟರ್ ಆಗಿರುತ್ತೆ. 100ರಲ್ಲಿದ್ರೆ ನೂರು ಮೀಟರ್ ಹತ್ತಿರ. ಲೋಡ್ ಲಾರಿಗೆ, ಮಳೆ ಬಿದ್ದ ರಸ್ತೆಗೆ ಇನ್ನೂ ಜಾಸ್ತಿ. ಬಲಗಡೆ ಲೇನ್‌ನಲ್ಲಿ ಮೀಡಿಯನ್‌ಗೆ ಒತ್ತಿ ಕಾರು ನಿಲ್ಲಿಸಿ ಪಾರ್ಕಿಂಗ್ ಲೈಟ್ ಹಾಕಿದ್ರೆ ಸಾಕು ಅಂದ್ಕೊಂಡ್ರೆ, ಮರಿ ಉಳಿಸೋಕೆ ಹೋಗಿ ಹಿಂದೆ ಬರೋ ಬೈಕಿನವನನ್ನ ಕೊಂದ ಹಾಗಾಗುತ್ತೆ.

ಗಾಡಿ ಸರ್ವಿಸ್ ರೋಡಲ್ಲಿ ಅಥವಾ ಡಾಬಾ ಒಳಗೆ ನಿಲ್ಲಿಸಿ. ನಡೆದು ದಾಟೋರಿಗೆಲ್ಲ ಹೊಳೆಯೋ ಜಾಕೆಟ್ ಇರಲಿ.

ಕೋರಮಂಗಲ_7
ಬೆಳಗಿನ ಜಾವ 4 ಗಂಟೆಗೆ ಹೋದ್ರೆ ರಸ್ತೆ ಖಾಲಿ ಇರುತ್ತಲ್ಲ, ಸುಲಭ.

ಲಾರಿ_ಲೋಕ
ತುಮಕೂರು ರಸ್ತೆ ಆ ಹೊತ್ತಿಗೆ ಖಾಲಿ ಇರಲ್ಲ ಗುರು. ಹಗಲಲ್ಲಿ ಬೆಂಗಳೂರು ಒಳಗೆ ಭಾರಿ ವಾಹನಕ್ಕೆ ನಿರ್ಬಂಧ ಇರೋದ್ರಿಂದ ರಾತ್ರಿಯಿಂದ ಬೆಳಗಿನವರೆಗೆ ಲಾರಿಗಳದ್ದೇ ಓಡಾಟ. ಮೇಲಾಗಿ 3ರಿಂದ 5ರ ನಡುವೆ ಸ್ಟೇರಿಂಗ್ ಹಿಡಿದವನಿಗೆ ನಿದ್ದೆ ಎಳೆಯೋ ಹೊತ್ತು. ಭಾನುವಾರ ಚೆನ್ನಾಗಿ ಬೆಳಕು ಹರಿದ ಮೇಲೆ, 6:30ರ ಆಸುಪಾಸು ಮಾಡಿ. ಮಂಜು ಇದ್ರೆ ಆವತ್ತು ಬೇಡವೇ ಬೇಡ.

ಟೋಲ್_ದಾಟಿ
1033ಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಅವರ ಹೆದ್ದಾರಿ ಗಸ್ತು ವಾಹನ ಹಿಂದೆ ನಿಂತು, ಮಿನುಗೋ ದೀಪ ಹಾಕಿ, ಕೋನ್ ಇಟ್ಟು ಬಲ ಲೇನ್ ಮುಚ್ಚಿಕೊಟ್ರೆ ಅರ್ಧ ಅಪಾಯ ಅಲ್ಲೇ ಕಮ್ಮಿ. ಲೇನ್ ಮುಚ್ಚೋ ಅಧಿಕಾರ ಅವರಿಗೆ, ಪೊಲೀಸರಿಗೆ ಮಾತ್ರ. ನಾವೇ ಕಲ್ಲು, ಕೊಂಬೆ ಇಟ್ಟು ಅಡ್ಡ ಹಾಕೋದು ಅಪರಾಧ, ಅಪಾಯ ಎರಡೂ.

ಫೋನಲ್ಲಿ "ದಾಬಸ್‌ಪೇಟೆ ಹತ್ರ" ಅಂದ್ರೆ ಅವರಿಗೆ ಗೊತ್ತಾಗಲ್ಲ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ. ಎರಡು ಕಿಮೀ ಕಲ್ಲುಗಳ ಮಧ್ಯೆ 200 ಮೀಟರಿಗೊಂದು ಚಿಕ್ಕ ಕಲ್ಲು ಇರುತ್ತೆ, ಅದನ್ನೂ ನೋಡ್ಕೊಳ್ಳಿ. ಯಾವ ಊರಿನ ಕಡೆಗೆ ಹೋಗೋ ಪಥ ಅನ್ನೋದು ತಪ್ಪದೆ ಹೇಳಿ. ಗಸ್ತು ಗಾಡಿ ತಪ್ಪು ಬದಿಗೆ ಬಂದ್ರೆ ಮುಂದಿನ ಯೂ ಟರ್ನ್ ಹುಡುಕಿಕೊಂಡು ಹೋಗಬೇಕು.

ಮೈಸೂರ್_ಮಲ್ಲಿಗೆ
ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೂ ಹೀಗೇ ಮಾಡಬಹುದಾ?

ಟೋಲ್_ದಾಟಿ
ಅಲ್ಲಿ ನಡೆದು ದಾಟೋ ಯೋಚನೆಯನ್ನೇ ಬಿಡಿ. ಮುಖ್ಯ ಪಥಕ್ಕೆ ಎರಡೂ ಕಡೆ ಬೇಲಿ ಇದೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರನ್ನೇ ಮುಖ್ಯ ಪಥಕ್ಕೆ ಬಿಡ್ತಿಲ್ಲ, ವೇಗ ಅಷ್ಟಿದೆ. ಅಲ್ಲಿ ನಿಮ್ಮ ಕೆಲಸ 1033ಗೆ ಕರೆ, ಕಿಮೀ ನಂಬರ್, ಅಷ್ಟೇ. ಫ್ಲೈಓವರ್‌ಗಳಿಗೂ ಇದೇ ಮಾತು: ಬದಿಗೆ ಸರಿಯೋಕೆ ಜಾಗ ಇಲ್ಲದ ಕಡೆ ಗಾಡಿ ನಿಲ್ಲಿಸಬಾರದು. ಊರೊಳಗಾದ್ರೆ 112, ಇಲ್ಲವೇ ಟ್ರಾಫಿಕ್ ಪೊಲೀಸರು.

ಬಲೆ_ಬುಟ್ಟಿ
ಹಿಡಿಯೋ ವಿಷಯಕ್ಕೆ ಬರ್ತೀನಿ. ಎಡವೋದು ಇಲ್ಲೇ. ಮರಿಗೆ ಕೈ ಹಾಕಿದ ತಕ್ಷಣ ತಾಯಿ ಗಾಬರಿಯಾಗಿ ರಸ್ತೆಗೆ ಹಾರುತ್ತೆ. ಅಥವಾ ನೀವು ಮರಿ ಎತ್ಕೊಂಡು ಈ ಕಡೆ ಬಂದ್ರೆ ನಿಮ್ಮ ಹಿಂದೆಯೇ ಗಾಡಿ ನೋಡದೆ ಓಡಿ ಬರುತ್ತೆ. ಆದ್ದರಿಂದ ಮೊದಲು ತಾಯಿ, ಆಮೇಲೆ ಮರಿ. ತಾಯಿ ಊಟಕ್ಕೆ ಡಾಬಾ ಕಡೆ ಬಂದಿರುತ್ತಲ್ಲ, ಅಲ್ಲೇ ಹಿಡಿಯಬೇಕು.

ಡಾಬಾ ಹಿತ್ತಲಲ್ಲಿ, ರಸ್ತೆಯಿಂದ ಆದಷ್ಟು ದೂರ, ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಇಡಿ. ಬೇಯಿಸಿದ ಕೋಳಿ ಲಿವರ್ ವಾಸನೆಗೆ ಬರದ ನಾಯಿ ಅಪರೂಪ. ಊಟದ ಬಟ್ಟಲನ್ನ ದೊಡ್ಡ ಕೇಜ್ ಬಾಗಿಲ ಹತ್ರ ಇಟ್ಟು ದಿನದಿನಕ್ಕೆ ಒಳಗೆ ಸರಿಸ್ತಾ ಹೋಗಿ. ಬಾಗಿಲು ಹಾಕೋ ದಿನದ ಹಿಂದಿನ ರಾತ್ರಿ ಡಾಬಾದವರು ಉಳಿದ ಅನ್ನ, ಮೂಳೆ ಹೊರಗೆ ಹಾಕದ ಹಾಗೆ ನೋಡ್ಕೊಳ್ಳಿ. ಹೊಟ್ಟೆ ತುಂಬಿದ ನಾಯಿ ಕೇಜಿಗೆ ಬರಲ್ಲ.

ಬ್ಯಾಡಗಿ_ಖಾರ
ಮರೀನ ಕೇಜಿನ ಹಿಂದಿನ ಖಾನೆದಾಗ ಇಟ್ರ ತಾಯಿ ತಾನ ಬರ್ತದಲ್ರೀ. ಅಷ್ಟು ದಿನ ಯಾಕ ಕಾಯಬೇಕು?

ಬಲೆ_ಬುಟ್ಟಿ
ಖಾಲಿ ಸೈಟಲ್ಲಿ, ಮೋರಿ ಪಕ್ಕ ಆದ್ರೆ ನೀವು ಹೇಳಿದ್ದು ಚೆನ್ನಾಗಿ ಕೆಲಸ ಮಾಡುತ್ತೆ. ಇಲ್ಲಿ ಆಗಲ್ಲ. ಮೀಡಿಯನ್ ಮೇಲೆ ಕೇಜ್ ಇಟ್ರೆ ಅದರ ಸುತ್ತ ಓಡಾಡೋ ತಾಯಿ ಎರಡೂ ಪಥಕ್ಕೆ ಇಳಿಯುತ್ತೆ. ಕೇಜನ್ನ ಡಾಬಾ ಕಡೆ ಇಟ್ರೆ ಮರಿ ಕೂಗು ಕೇಳಿ ಟ್ರಾಫಿಕ್ ಮಧ್ಯೆ ನುಗ್ಗುತ್ತೆ. ತಾಯಿ ಆಗಲೇ ಡಾಬಾ ಹಿತ್ತಲಿಗೆ ಬಂದಿದ್ದು, ಬಾಗಿಲಲ್ಲಿ ಅನುಮಾನ ಪಡ್ತಿದೆ ಅಂದ್ರೆ ಮಾತ್ರ ಒಂದು ಮರಿ ತಂದಿಟ್ಟು ನೋಡಬಹುದು.

ಇನ್ನೊಂದು, ಗುಂಪು ಕಟ್ಕೊಂಡು ಹೋಗಬೇಡಿ. ಮೂರು ಜನ ಸಾಕು: ಮರಿ ಎತ್ತೋಕೆ ಒಬ್ಬರು, ರಸ್ತೆ ನೋಡೋಕೆ ಒಬ್ಬರು, ಕೇಜ್ ಹತ್ರ ಒಬ್ಬರು. ರಸ್ತೆ ನೋಡೋರು ನಾಯಿ ಕಡೆ ತಿರುಗಬಾರದು, ಮೊಬೈಲ್ ಹಿಡಿಯಬಾರದು. ಎತ್ತಿದ ಮೇಲೆ ಗಿಡದ ಬುಡ ಪೂರ್ತಿ ತಡಕಾಡಿ. ಒಂದು ಮರಿ ಪಕ್ಕದ ಪೊದೆಗೆ ತೆವಳಿರೋದು ಮಾಮೂಲು.

ಹೂಗಿಡ
ಕಣಗಿಲೆ ಬುಡ ಅಂದ್ರಲ್ಲ, ಅದರ ಎಲೆ, ಕಾಂಡ, ಹೂವು ಎಲ್ಲ ವಿಷ. ಮರಿಗಳಿಗೆ ಹಲ್ಲು ಬಂದು ಕಚ್ಚಾಡೋ ವಯಸ್ಸಾದ್ರೆ ಅದೂ ಒಂದು ಅಪಾಯ. ಸವರಿ ಹಾಕಿದ ಒಣ ಎಲೆಯಲ್ಲೂ ವಿಷ ಹೋಗಲ್ಲ, ಕಹಿ ಕಮ್ಮಿ ಆಗಿ ದನಗಳು ತಿಂದು ಸಾಯ್ತವೆ.

ಹುಳಿಮಾವು_ಊಟದವರು
ಎಲ್ಲಿಗೆ ಬಿಡೋದು ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ತಾಯಿ, ಮರಿ ಎಲ್ಲ ಒಟ್ಟಿಗೆ ದೂರದ ತೋಟಕ್ಕೆ ಬಿಟ್ರೆ ಒಳ್ಳೇದಲ್ವಾ?

ಕಾನೂನು_ಕಣ್ಣು
ಬೇಡ. ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು 2023ರ ಪ್ರಕಾರ ಬೀದಿನಾಯಿಯನ್ನ ಶಸ್ತ್ರಚಿಕಿತ್ಸೆ, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು. ನಿಯಮ ಹಾಗಿರಲಿ, ನಾಯಿಯ ಲೆಕ್ಕದಲ್ಲೂ ಅದೇ ಸರಿ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ನಾಯಿಯನ್ನ ಅಲ್ಲಿಯ ನಾಯಿಗಳು ಕಚ್ಚಿ ಓಡಿಸ್ತವೆ. ಅದು ಹಳೇ ಜಾಗ ಹುಡುಕಿಕೊಂಡು ಮತ್ತೆ ಹೆದ್ದಾರಿಗೇ ಇಳಿಯುತ್ತೆ.

ಇಲ್ಲಿ ತಾಯಿ ಬೀಡು ಇರೋದು ಡಾಬಾ ಕಡೆ. ಜನ ಬರಲ್ಲ ಅಂತ ಮಾತ್ರ ಮೀಡಿಯನ್‌ನಲ್ಲಿ ಮರಿ ಹಾಕಿದೆ. ಹಾಗಾಗಿ ಡಾಬಾ ಹಿತ್ತಲಲ್ಲೇ ಒಂದು ಮರೆ ಮಾಡಿಕೊಟ್ರೆ ಅದು ಸ್ಥಳಾಂತರ ಅಲ್ಲ, ಅದರದ್ದೇ ಜಾಗದೊಳಗೆ ನೂರಿನ್ನೂರು ಮೀಟರ್ ಸರಿಸಿದ್ದು. ಆದರೆ ಡಾಬಾ ಮಾಲೀಕರು ಮನಸಾರೆ ಒಪ್ಪಬೇಕು. ಒತ್ತಾಯಕ್ಕೆ ಹೂಂ ಅಂದವರು ನಾಲ್ಕು ದಿನ ಆದ್ಮೇಲೆ ಮರಿಗಳನ್ನ ಚೀಲಕ್ಕೆ ಹಾಕಿ ಎಲ್ಲೋ ಬಿಟ್ಟು ಬರ್ತಾರೆ.

ಕೋರಮಂಗಲ_7
ಸುಪ್ರೀಂ ಕೋರ್ಟ್ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂದಿದೆಯಲ್ಲ?

ಕಾನೂನು_ಕಣ್ಣು
ಮೂರು ಆದೇಶ ಒಂದಕ್ಕೊಂದು ಬೆರೆತು ಹರಡ್ತಿದೆ. 2025ರ ಆಗಸ್ಟ್ 11ರದ್ದು ದೆಹಲಿ ಸುತ್ತಮುತ್ತಲಿನ ನಾಯಿಗಳನ್ನ ಹಿಡಿದು ಶೆಲ್ಟರ್‌ನಲ್ಲೇ ಇಡಿ ಅಂತ. ಆಗಸ್ಟ್ 22ಕ್ಕೆ ಅದು ಬದಲಾಯ್ತು: ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಅದೇ ಜಾಗಕ್ಕೆ ಬಿಡಿ, ರೇಬೀಸ್ ಇರೋವು ಮತ್ತು ಮೈಮೇಲೆ ಬೀಳೋವು ಮಾತ್ರ ಬೇಡ, ಊಟ ಹಾಕೋಕೆ ಗೊತ್ತುಪಡಿಸಿದ ಜಾಗ ಮಾಡಿ ಅಂತ. ನವೆಂಬರ್ 7ರದ್ದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನ ಅಲ್ಲಿಗೇ ವಾಪಸ್ ಬಿಡಬೇಡಿ ಅನ್ನುತ್ತೆ. ಹೆದ್ದಾರಿಗಳಿಂದ ಬೀಡಾಡಿ ದನ ಮತ್ತಿತರ ಪ್ರಾಣಿಗಳನ್ನ ತೆರವು ಮಾಡಿ ಅಂತ ಪ್ರಾಧಿಕಾರಕ್ಕೂ ರಾಜ್ಯಗಳಿಗೂ ಹೇಳಿದ್ದು ಅದರಲ್ಲೇ. ಅಂದ್ರೆ ಮೀಡಿಯನ್ ಮೇಲಿನ ಪ್ರಾಣಿ ವಿಷಯಕ್ಕೆ ನೀವು ಪ್ರಾಧಿಕಾರದವರನ್ನ ಕರೆಯೋದು ಉಪಕಾರ ಕೇಳಿದ ಹಾಗಲ್ಲ, ಅದು ಅವರ ಕೆಲಸ.

ದಾರಿಹೋಕ_ಕೋಲಾರ
ಗಾಯ ಆದ ನಾಯಿಗೆ ನಿಂತ್ರೆ ಪೊಲೀಸ್ ಕೇಸು ಸುತ್ಕೊಳ್ಳುತ್ತೆ ಅಂತ ಜನ ಹೆದರ್ತಾರೆ. ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಇದೆಯಲ್ಲ?

ಕಾನೂನು_ಕಣ್ಣು
ಮೋಟಾರು ವಾಹನ ಕಾಯ್ದೆಯ 134ಎ ರಕ್ಷಣೆ ಕೊಡೋದು ಗಾಯಗೊಂಡ ಮನುಷ್ಯರಿಗೆ ನೆರವಾದವರಿಗೆ. 134ನೇ ಸೆಕ್ಷನ್‌ನಲ್ಲಿ ಗಾಯಾಳು ಅಂದ್ರೆ ಮನುಷ್ಯರು, ಪ್ರಾಣಿಗಳು ಅದರಡಿ ಬರಲ್ಲ ಅಂತ ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಹೆದರಬೇಕಿಲ್ಲ, ಗಾಯ ಆದ ನಾಯಿಯನ್ನ ಆಸ್ಪತ್ರೆಗೆ ಒಯ್ಯೋದನ್ನ ಯಾವ ಕಾನೂನೂ ಅಪರಾಧ ಅನ್ನಲ್ಲ. ಬೇಕಂತಲೇ ಗುದ್ದಿ ಕೊಂದ್ರೆ, ಕೈಕಾಲು ಊನ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 325 ಅನ್ವಯಿಸುತ್ತೆ. ಅದಕ್ಕೆ ಗಾಡಿ ನಂಬರ್, ಹೊತ್ತು, ಸುತ್ತಮುತ್ತಲಿನ ಸಿಸಿಟಿವಿ ಯಾವುದು ಅನ್ನೋದನ್ನ ಗುರುತು ಹಾಕಿಕೊಳ್ಳಿ.

ಪಶುವೈದ್ಯೆ_ಹಾಸನ
ಮರಿ ಎತ್ತೋರು ಈಗಲೇ ರೇಬೀಸ್ ಮುಂಜಾಗ್ರತೆ ಲಸಿಕೆ ತಗೊಂಡಿರಬೇಕು. 0, 7, ಮತ್ತೆ 21 ಅಥವಾ 28ನೇ ದಿನ, ಮೂರು ಡೋಸ್. ಇದನ್ನ ಪೂರ್ತಿ ತಗೊಂಡವರಿಗೆ ಆಮೇಲೆ ಕಚ್ಚಿದ್ರೆ 0 ಮತ್ತು 3ನೇ ದಿನ ಎರಡು ಡೋಸ್ ಸಾಕು, ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕಾಗಲ್ಲ.

ತಗೊಳ್ಳದವರಿಗೆ ಕಚ್ಚಿದ್ರೆ: ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು. ಗಡಿಯಾರ ನೋಡ್ಕೊಂಡೇ ತೊಳೀರಿ, ಎರಡು ನಿಮಿಷಕ್ಕೆ ಮುಗಿಸೋರೇ ಜಾಸ್ತಿ. ಸುಣ್ಣ, ಖಾರದಪುಡಿ, ಅರಿಶಿನ ಹಚ್ಚಬೇಡಿ. ಆವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯುವಿಗೆ ಕೊಡೋ ಲಸಿಕೆಯಾದ್ರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡೋದಾದ್ರೆ 0, 3, 7, 28. ರಕ್ತ ಬಂದಿದ್ರೆ ಲಸಿಕೆಯ ಜೊತೆ ಗಾಯದ ಒಳಗೂ ಸುತ್ತಲೂ ಇಮ್ಯುನೋಗ್ಲೋಬ್ಯುಲಿನ್ ಕೊಡಿಸಲೇಬೇಕು. ಮೊದಲ ಡೋಸ್ ಆಗಿ 7 ದಿನ ಕಳೆದ ಮೇಲೆ ಅದರಿಂದ ಉಪಯೋಗ ಇಲ್ಲ. ಚಿಕ್ಕ ಮರಿ ಅಂತ ಅಸಡ್ಡೆ ಬೇಡ. ಮರಿಗೂ ರೇಬೀಸ್ ಬರುತ್ತೆ.

ಬ್ಯಾಡಗಿ_ಖಾರ
ಲಸಿಕಿ ತಗೊಂಡ ಮ್ಯಾಲೆ ಎತ್ತೂದಾದ್ರ 21 ದಿನ ಆಗ್ತದ. ಅಷ್ಟೊತ್ತಿಗೆ ಮರಿ ರೋಡಿನ್ಯಾಗ ಇರ್ತಾವ್ರಿ ಮೇಡಂ.

ಪಶುವೈದ್ಯೆ_ಹಾಸನ
ಅದು ನಿಜ. ಅದಕ್ಕೇ ಈ ಕೆಲಸಕ್ಕೆ ಲಸಿಕೆ ಆಗಲೇ ಆಗಿರೋರನ್ನ ಕರೀರಿ. ಬೆಂಗಳೂರಲ್ಲಿ ಕುಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಿವೆ, ತುಮಕೂರಲ್ಲೂ ಊಟ ಹಾಕೋರ ಗುಂಪುಗಳಲ್ಲಿ ಲಸಿಕೆ ಆದವರು ಸಿಗ್ತಾರೆ. ನೆಲಮಂಗಲದವರೇ, ನೀವು ಕೇಜ್, ಡಾಬಾ, 1033 ನೋಡ್ಕೊಳ್ಳಿ. ಕೈ ಹಾಕೋ ಕೆಲಸ ಅವರು ಮಾಡ್ಲಿ.

ಶಿರಸಿ_ಕುನ್ನಿ
ಒಂದು ಸಾಮಾನ್ಯ ಪ್ರಶ್ನೆ. ರಸ್ತೆ ಬದಿ ನಿಂತಿರೋ ಎಲ್ಲ ನಾಯಿಗೂ ಹೀಗೆ ಮಾಡ್ಬೇಕಾ? ದಿನಾ ಕಣ್ಣಿಗೆ ಬೀಳ್ತಾನೇ ಇರ್ತವೆ.

ಬಲೆ_ಬುಟ್ಟಿ
ಬೇಡ. ಮೈಕೈ ತುಂಬ್ಕೊಂಡು, ಕಿವಿ ತುದಿ ವಿ ಆಕಾರದಲ್ಲಿ ಕತ್ತರಿಸಿದ್ದು, ಗಾಡಿ ಬರೋದು ನೋಡಿ ನಿಂತು ದಾಟೋ ನಾಯಿಯನ್ನ ಮುಟ್ಟಲೇಬೇಡಿ. ಕಿವಿ ಕತ್ತರಿಸಿದ್ದಾರೆ ಅಂದ್ರೆ ಶಸ್ತ್ರಚಿಕಿತ್ಸೆ, ಲಸಿಕೆ ಆಗಿದೆ, ಅದು ಆ ಜಾಗದ್ದೇ ನಾಯಿ. ಅಟ್ಟಿಸಿಕೊಂಡು ಹಿಡಿಯೋಕೆ ಹೋದ್ರೆ ನಿಮ್ಮಿಂದಲೇ ಗಾಡಿ ಕೆಳಗೆ ಹೋಗುತ್ತೆ.

ಯೋಚಿಸಬೇಕಾದ್ದು ಬೇರೆ ಥರದವು. ಕೊರಳಲ್ಲಿ ಪಟ್ಟಿ ಇದ್ದು ದಿಕ್ಕು ತಪ್ಪಿ ಅಡ್ಡಾದಿಡ್ಡಿ ಓಡೋ ಸಾಕುನಾಯಿ. ಅದಕ್ಕೆ ರಸ್ತೆ ಗೊತ್ತಿರಲ್ಲ, ಕೆಲವು ಗಂಟೆಯಲ್ಲೇ ಸಾಯುತ್ತೆ. ಹಿಂಗಾಲು ಎಳೆಯೋದು. ಹುಳ ಬಿದ್ದ ಗಾಯ ಇರೋದು. ಒಂದೇ ಕಡೆ ಸುತ್ತು ಹಾಕ್ತಾ ಇರೋದು. ಈ ಕೊನೇದಕ್ಕೆ ಹತ್ತಿರ ಹೋಗಬೇಡಿ, ಡಿಸ್ಟೆಂಪರ್ (ನರಕ್ಕೂ ಏರೋ ವೈರಸ್ ಕಾಯಿಲೆ) ಇರಬಹುದು, ರೇಬೀಸೂ ಇರಬಹುದು. ದೂರದಿಂದ ನೋಡಿ ಹೇಳೋಕಾಗಲ್ಲ, ತರಬೇತಿ ಆದವರು ಬಲೆ ತಂದು ಹಿಡೀಲಿ.

ಪಶುವೈದ್ಯೆ_ಹಾಸನ
ಗುದ್ದಿಸಿಕೊಂಡ ನಾಯಿ ಬಗ್ಗೆ ಬರೀತೀನಿ, ಎಲ್ಲ ಗುಂಪಲ್ಲೂ ಮತ್ತೆ ಮತ್ತೆ ಕೇಳ್ತಾರೆ.

ಬಿದ್ದ ನಾಯಿ ಎಷ್ಟೇ ಸಾಧುವಾದ್ರೂ ನೋವಲ್ಲಿ ಕಚ್ಚುತ್ತೆ. ಎರಡಿಂಚು ಅಗಲದ ಹತ್ತಿ ಬ್ಯಾಂಡೇಜ್ ಒಂದೂವರೆ ಮೀಟರ್ ತಗೊಂಡು ಕುಣಿಕೆ ಮಾಡಿ ಮೂತಿಗೆ ಹಾಕಿ. ಒಂದು ಗಂಟು ಮೂತಿ ಮೇಲೆ, ಇನ್ನೊಂದು ಗದ್ದದ ಕೆಳಗೆ, ಕೊನೆಗೆ ಕಿವಿ ಹಿಂದೆ ಎಳೆದರೆ ಬಿಚ್ಚುವಂಥ ಗಂಟು. ವಾಂತಿ ಮಾಡ್ತಿದ್ರೆ, ಉಸಿರಾಟ ಕಷ್ಟ ಇದ್ರೆ, ಮೂಗು-ಬಾಯಲ್ಲಿ ರಕ್ತ ಇದ್ರೆ ಕಟ್ಟಲೇಬೇಡಿ. ಬದಲಿಗೆ ತಲೆ ಮೇಲೆ ದಪ್ಪ ಟವೆಲ್ ಹಾಕಿ. ನಾಯಿ ಮೈ ಬಿಸಿ ಇಳಿಸೋದು ತೇಕಿ, ಹಾಗಾಗಿ ಬಿಸಿಲಲ್ಲಿ ಬಾಯಿ ಕಟ್ಟಿ ಬಹಳ ಹೊತ್ತು ಬಿಡೋ ಹಾಗಿಲ್ಲ.

ಕಾಲು ಹಿಡಿದು ಎತ್ತಬಾರದು. ಬೆನ್ನು ಬಾಗದ ಹಾಗೆ ಬೆಡ್‌ಶೀಟ್, ಗೋಣಿಚೀಲ ಅಥವಾ ಪ್ಲೈವುಡ್ ತುಂಡಿನ ಮೇಲೆ ಮೆಲ್ಲಗೆ ಎಳ್ಕೊಳ್ಳಿ. ಅಂಗಾತ ಮಲಗಿಸಬೇಡಿ. ವಪೆ (ಎದೆ, ಹೊಟ್ಟೆ ನಡುವಿನ ಪರದೆ) ಹರಿದು ಕರುಳು ಎದೆಗೂಡಿಗೆ ನುಗ್ಗಿದ್ರೆ ಅಂಗಾತ ಮಲಗಿಸಿದ ತಕ್ಷಣ ಉಸಿರು ನಿಲ್ಲಬಹುದು. ರಕ್ತ ಸುರೀತಿದ್ರೆ ಶುದ್ಧ ಬಟ್ಟೆ ಒತ್ತಿ ಹಿಡಿದು ಐದು ನಿಮಿಷ ತೆಗೀಬೇಡಿ. ನೆನೆದ್ರೆ ಅದರ ಮೇಲೇ ಇನ್ನೊಂದು ಬಟ್ಟೆ.

ಒಸಡು ನೋಡಿ. ಬೆರಳಲ್ಲಿ ಒತ್ತಿ ಬಿಟ್ರೆ ಎರಡು ಸೆಕೆಂಡೊಳಗೆ ಕೆಂಪಾಗಬೇಕು. ಬಿಳಿಚಿಕೊಂಡೇ ಇದ್ರೆ ಒಳಗೆ ರಕ್ತ ಹೋಗ್ತಿರಬಹುದು, ಬೇರೆಲ್ಲ ಬಿಟ್ಟು ಹೊರಡಿ. ಗುದ್ದಿದ ಮೇಲೆ ಎದ್ದು ಓಡಿತು, ಏನೂ ಆಗಿಲ್ಲ ಅನ್ನೋ ಮಾತು ನಂಬಬೇಡಿ. ಮೂತ್ರಕೋಶ, ಗುಲ್ಮ (ಸ್ಪ್ಲೀನ್) ಒಡೆದಿದ್ರೆ ಒಂದೆರಡು ದಿನ ಕಳೆದು ಗೊತ್ತಾಗುತ್ತೆ. ಪ್ರಜ್ಞೆ ಇಲ್ಲದ ಪ್ರಾಣಿಗೆ ನೀರು ಬಿಡಬೇಡಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಅದರಲ್ಲೂ ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಜೀವ ತೆಗೆಯುತ್ತೆ.

ದಾರಿಹೋಕ_ಕೋಲಾರ
ಎಲ್ಲಿಗೆ ಒಯ್ಯೋದು? ರಾತ್ರಿ ಹೊತ್ತು ಬಹಳ ಕ್ಲಿನಿಕ್ ಮುಚ್ಚಿರುತ್ತೆ.

ಬಲೆ_ಬುಟ್ಟಿ
ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ಆಪರೇಷನ್ ಖರ್ಚು ಖಾಸಗಿಗಿಂತ ಎಷ್ಟೋ ಕಮ್ಮಿ. ಹಳ್ಳಿ ಕಡೆ 1962, ಪಶು ಸಂಜೀವಿನಿ ಗಾಡಿ ಬರುತ್ತೆ. ಹೊರಡೋ ಮೊದಲು ಫೋನ್ ಮಾಡಿ ಎಕ್ಸ್‌ರೇ ಇದೆಯಾ, ಈಗ ಡಾಕ್ಟರ್ ಇದ್ದಾರಾ ಅಂತ ಕೇಳಿ. ಶೆಲ್ಟರ್ ಬಾಗಿಲಿಗೆ ಹೇಳದೆ ಬಿಟ್ಟು ಬರೋದಂತೂ ಬೇಡವೇ ಬೇಡ. ಅಲ್ಲಿ ಪಾರ್ವೊ (ರಕ್ತಭೇದಿ ತರೋ ವೈರಸ್), ಡಿಸ್ಟೆಂಪರ್ ಇದ್ರೆ ಗಾಯಕ್ಕಿಂತ ಮೊದಲು ಅದರಿಂದಲೇ ಸಾಯುತ್ತೆ.

ಸೊಂಟಮುರಿದ_ಶೆಲ್ಟರ್
ಒಂದು ಕಷ್ಟದ ಮಾತು. ಬೆನ್ನುಹುರಿ ಕಡಿದ ನಾಯಿಗೆ ದಯಾಮರಣ ಬೇಡ, ಜೀವ ಉಳಿಸಿ ಅಂತ ಒತ್ತಾಯ ಮಾಡ್ತಾರಲ್ಲ, ಅವರು ಆಮೇಲಿನ ದಿನಗಳನ್ನ ನೋಡಬೇಕು. ದಿನಕ್ಕೆ ಮೂರ್ನಾಲ್ಕು ಸಲ ಕೈಯಿಂದ ಒತ್ತಿ ಮೂತ್ರ ತೆಗೀಬೇಕು. ತೆಗೀದಿದ್ರೆ ಸೋಂಕು ಕಿಡ್ನಿಗೆ ಏರುತ್ತೆ. ಎಳೆದಾಡಿ ಎಳೆದಾಡಿ ತೊಡೆ ಹುಣ್ಣಾಗಿ ಮೂಳೆ ಕಾಣುತ್ತೆ. ಇದನ್ನ ನೋಡ್ಕೊಳ್ಳೋ ಕೈ ಇದ್ರೆ ಉಳಿಸಿ. ಇಲ್ಲದಿದ್ರೆ ವೈದ್ಯರ ಮಾತು ಕೇಳಿ.

ಶಿರಸಿ_ಕುನ್ನಿ
ಒಪ್ಪಲ್ಲ. ಗಾಲಿಕುರ್ಚಿಯಲ್ಲಿ ಓಡಾಡ್ಕೊಂಡು ಖುಷಿಯಾಗಿರೋ ನಾಯಿಗಳು ಎಷ್ಟೋ ಇವೆ. ಗುದ್ದಿದ ದಿನವೇ ಸಾಯಿಸೋ ತೀರ್ಮಾನ ಯಾಕೆ?

ಪಶುವೈದ್ಯೆ_ಹಾಸನ
ಆವತ್ತೇ ತೀರ್ಮಾನ ಬೇಡ ಅನ್ನೋದು ಸರಿ. ಆಘಾತದಲ್ಲಿರೋ ಪ್ರಾಣಿ ಪರೀಕ್ಷೆಗೆ ಸರಿಯಾಗಿ ಸ್ಪಂದಿಸಲ್ಲ. ಮೊದಲು ಡ್ರಿಪ್, ನೋವಿನ ಔಷಧಿ, ಆಮೇಲೆ ನೋಡಬೇಕು. ಬೆರಳಿನ ಮೂಳೆ ಚಿಮುಟಿದಾಗ ಕಾಲು ಹಿಂದಕ್ಕೆ ಎಳ್ಕೊಂಡ್ರೆ ನೋವು ಗೊತ್ತಾಯ್ತು ಅಂತಲ್ಲ, ಅದು ಬೆನ್ನುಹುರಿಯ ಕೆಳಭಾಗ ತಾನೇ ಮಾಡೋದು. ತಲೆ ತಿರುಗಿಸಿ ನೋಡಬೇಕು, ಕೂಗಬೇಕು. ಅದಿದ್ರೆ ಆಸೆ ಇದೆ. ಸೊಂಟದ ಮೂಳೆ ಮಾತ್ರ ಮುರಿದಿದ್ದು ನರ ಉಳಿದಿದ್ರೆ, ಇಕ್ಕಟ್ಟಾದ ಕೇಜಲ್ಲಿ ನಾಲ್ಕರಿಂದ ಆರು ವಾರ ಓಡಾಡದೆ ಇಟ್ರೆ ಎಷ್ಟೋ ನಾಯಿ ತಾವಾಗೇ ನಡೀತವೆ. ಇದಕ್ಕೆ ದಯಾಮರಣ ಕೇಳೋರೂ ಇದ್ದಾರೆ, ಅದೂ ತಪ್ಪು.

ಬೆಕ್ಕಿನ_ಮನೆ
ಬೆಕ್ಕಿನ ಬಗ್ಗೆ ಎರಡು ಮಾತು. ರಸ್ತೆ ಬದಿ ಒಂಟಿ ಬೆಕ್ಕಿನಮರಿ ಕಂಡ್ರೆ ಕೂಡಲೇ ಎತ್ತಬೇಡಿ. ತಾಯಿ ಒಂದೊಂದೇ ಮರಿ ಕಚ್ಕೊಂಡು ಜಾಗ ಬದಲಾಯಿಸ್ತಾ ಇರಬಹುದು. ರಸ್ತೆಯಿಂದ ಒಳಗಿನ ಜಾಗವಾದ್ರೆ ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ ಎರಡು-ಮೂರು ಗಂಟೆ ಬಿಟ್ಟು ಬನ್ನಿ, ದೊಡ್ಡ ಹೆಜ್ಜೆ ಬಿದ್ದಿದ್ರೆ ತಾಯಿ ಬರ್ತಿದೆ. ಮರಿ ಟಾರಿನ ಮೇಲೇ ಇದ್ರೆ, ಮೈ ತಣ್ಣಗಾಗಿದ್ರೆ, ಇರುವೆ ಮುತ್ತಿದ್ರೆ ಕಾಯಬೇಡಿ. ದೊಡ್ಡ ಬೆಕ್ಕು ಬಾಯಿ ತೆರೆದು ತೇಕ್ತಿದ್ರೆ ಅದು ನಾಯಿ ತೇಕಿದ ಹಾಗಲ್ಲ, ತುರ್ತು. ಬೆಕ್ಕು ಕಚ್ಚಿದ ಗಾಯ ಚಿಕ್ಕದಾಗಿ ಕಾಣುತ್ತೆ, ಆದ್ರೆ ಆಳಕ್ಕೆ ಹೋಗಿ ಒಂದೇ ದಿನದಲ್ಲಿ ಕೈ ಊದುತ್ತೆ. ರೇಬೀಸ್ ಲಸಿಕೆ ಜೊತೆ ಆ್ಯಂಟಿಬಯಾಟಿಕ್ಕೂ ಬೇಕಾಗುತ್ತೆ.

ಗದಗಿನ_ಗಾಳಿ
ದನಾ ಬಿಟ್ರಲ್ರೀ ಎಲ್ಲಾರೂ. ನಾಯಿ ಗುದ್ದಿದ್ರ ನಾಯಿ ಸಾಯ್ತದ, ಎಮ್ಮಿ ಗುದ್ದಿದ್ರ ಬೈಕಿನಾಂವಾನೂ ಸಾಯ್ತಾನ. ಮಳಿಗಾಲದಾಗ ಟಾರ್ ಒಣಗಿ ಬೆಚ್ಚಗ ಇರ್ತದ, ಸೊಳ್ಳಿ ಕಡಿಮಿ, ಅದಕ್ಕ ರಾತ್ರಿ ಬಂದು ರೋಡಿನ್ಯಾಗ ಮಲಗ್ತಾವು. ಕರೀ ಎಮ್ಮಿ ಹೆಡ್‌ಲೈಟಿಗೂ ಕಾಣಂಗಿಲ್ಲ.

ಕಿವಿಯೊಳಗ ಹಳದಿ ಓಲಿ ಐತೇನ ನೋಡ್ರಿ. 12 ಅಂಕಿ ನಂಬರ್ ಇರ್ತದ, ಪಶು ಆಸ್ಪತ್ರಿಯೊಳಗ ಹೇಳಿದ್ರ ಮಾಲಕ ಯಾರಂತ ತಗದು ಹೇಳ್ತಾರ. ಓಲಿ ಇಲ್ಲಂದ್ರ ಪಂಚಾಯ್ತಿಗೆ ಹೇಳಿ ಕೊಂಡವಾಡಕ್ಕ (ಬೀಡಾಡಿ ದನದ ದೊಡ್ಡಿಗೆ) ಹಾಕಸ್ರಿ. ನಿಮ್ಮ ಗಾಡಿಗೆ ಏರಿಸ್ಕೊಂಡು ಹೋಗಬ್ಯಾಡ್ರಿ, ದನಾ ಸಾಗಸಾಕ ಪಶುವೈದ್ಯರ ಪ್ರಮಾಣಪತ್ರ ಬೇಕು, ಕಾಗದ ಇಲ್ಲದ ಸಿಕ್ರ ನಿಮ್ಮ ಮ್ಯಾಲೇ ಕೇಸು.

ಬಿದ್ದ ಆಕಳ ಒಂದು ಮಗ್ಗಲಾಗಿ ಬಿದ್ದಿದ್ರ ಹೊಟ್ಟಿ ಉಬ್ಬರಿಸಿ ಸಾಯ್ತದ. ಎದಿ ಮ್ಯಾಲ ಕುಂತಂಗ ಮಾಡಿ ಎರಡೂ ಕಡೆ ಹುಲ್ಲಿನ ಚೀಲ ಆನಸ್ರಿ. ಬಾಲಾ ಹಿಡದು ಎಬ್ಬಸಬ್ಯಾಡ್ರಿ, ಬಾಲದ ಬುಡಕ್ಕ ನರಾ ಹರೀತಾವು. ಮೂರ್ನಾಕು ತಾಸಿಗೊಮ್ಮೆ ಮಗ್ಗಲಾ ಬದಲಿ ಮಾಡ್ರಿ, ಇಲ್ಲಾಂದ್ರ ತೊಡಿ ಸತ್ತು ಆಮ್ಯಾಲ ಏಳಂಗೇ ಇಲ್ಲ.

ಲಾರಿ_ಲೋಕ
ಕೊಂಬಿಗೆ ರೇಡಿಯಂ ಪಟ್ಟಿ ಅಂಟಿಸೋದು ನಿಜಕ್ಕೂ ಉಪಯೋಗ ಅಣ್ಣ. ಡಿಪ್ ಲೈಟಲ್ಲೂ ದೂರದಿಂದ ಮಿಂಚುತ್ತೆ. ಎರಡೂ ಕೊಂಬಿಗೆ ಸುತ್ತಲೂ ಅಂಟಿಸಬೇಕು, ಒಂದೇ ಬದಿಗೆ ಹಾಕಿದ್ರೆ ತಿರುಗಿ ಮಲಗಿದಾಗ ಕಾಣಲ್ಲ.

ಶಿರಸಿ_ಕುನ್ನಿ
ಹಾಗಾದ್ರೆ ನಾಯಿಗಳಿಗೂ ಹೊಳೆಯೋ ಕೊರಳಪಟ್ಟಿ ಹಾಕ್ತಾರಲ್ಲ, ಅದನ್ನೇ ಎಲ್ಲ ಕಡೆ ಮಾಡಬಹುದು.

ಸೊಂಟಮುರಿದ_ಶೆಲ್ಟರ್
ದೊಡ್ಡ ನಾಯಿಗೆ ಮಾತ್ರ, ಅದೂ ವಾರವಾರ ನೋಡೋರು ಇದ್ರೆ. ಮರಿಗೆ ಹಾಕಿದ ಪಟ್ಟಿ ಕೊರಳು ಬೆಳೆದ ಹಾಗೆ ಚರ್ಮದೊಳಗೆ ಹೂತು, ಹುಳ ಬಿದ್ದು ಬರೋ ಕೇಸು ಶೆಲ್ಟರ್‌ಗಳಿಗೆ ಹೊಸದಲ್ಲ. ಪಟ್ಟಿ ಮತ್ತು ಕೊರಳ ನಡುವೆ ಎರಡು ಬೆರಳು ಆಡಬೇಕು. ಎಳೆದ್ರೆ ಬಿಚ್ಚಿಕೊಳ್ಳೋ ಥರದ್ದೇ ಇರಬೇಕು, ಇಲ್ಲದಿದ್ರೆ ಬೇಲಿ ತಂತಿಗೆ ಸಿಕ್ಕಿ ನೇತಾಡುತ್ತೆ.

ಕಡಲ_ತಡಿ
ಮಂಗನ ವಿಷಯ ಯಾರೂ ಎತ್ಲಿಲ್ಲ ಮಾರಾಯ್ರೇ. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಕಾರು ನಿಲ್ಲಿಸಿ ಚಿಪ್ಸು, ಬಾಳೆಹಣ್ಣು ಎಸೀತಾರಲ್ಲ, ಅದಕ್ಕೇ ಅವು ತಿರುವಿನಲ್ಲಿ ಕಾದು ಕೂತ್ಕೊಳ್ಳುದು. ಒಂದು ಗಾಡಿ ನಿಧಾನ ಆದ್ರೆ ಸಾಕು, ಮರಿ ಹೊತ್ತ ತಾಯಿ ರಸ್ತೆಗೆ ಇಳೀತದೆ. ಗಾಯ ಆದ ಮಂಗವನ್ನು, ಹದ್ದನ್ನು ನೀವು ಮನೆಗೆ ಕೊಂಡೋಗುವ ಹಾಗಿಲ್ಲ, ಅರಣ್ಯ ಇಲಾಖೆಗೆ ಹೇಳ್ಬೇಕು. ಬೆಂಗಳೂರಲ್ಲಾದ್ರೆ ಕೆಂಗೇರಿ ಕಡೆ ಪೀಪಲ್ ಫಾರ್ ಆ್ಯನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಉಂಟು.

ಮೈಸೂರ್_ಮಲ್ಲಿಗೆ
ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು 2009ರಲ್ಲಿ. ಪ್ರಾಣಿ ಎತ್ತೋದಕ್ಕಿಂತ ಗಾಡಿ ತಡೆಯೋದೇ ದಾರಿ ಅಂತ ಅಲ್ಲಿ ಒಪ್ಪಿದ್ದಾರೆ. ಊರ ಪಕ್ಕದ ಹೆದ್ದಾರಿಯಲ್ಲೂ ಡಾಬಾ, ಕೋಳಿ ಅಂಗಡಿ ಇರೋ ಕಡೆ ವೇಗ ಇಳಿಸೋ ಪಟ್ಟಿ ಹಾಕಿ ಅಂತ ಕೇಳಬಾರದಾ?

ನಿರ್ವಾಹಕ
ಬಂಡೀಪುರ ಸಂಚಾರದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಮರಿಗಳ ವಿಷಯ ಮುಗಿಸೋಣ.

ಹುಳಿಮಾವು_ಊಟದವರು
ಕೋಳಿ ಅಂಗಡಿ ಮಾತು ಮಾತ್ರ ವಿಷಯದ್ದೇ. ಅಂಗಡಿಯವರು ಕರುಳು, ಚರ್ಮ ರಸ್ತೆ ಬದಿ ಸುರಿಯೋದು ನಿಲ್ಲೋವರೆಗೆ ಆ ಜಾಗಕ್ಕೆ ಹೊಸ ನಾಯಿ ಬರ್ತಾನೇ ಇರುತ್ತೆ. ಊಟ ಹಾಕೋರಿಗೂ ಹೇಳ್ತೀನಿ, ನಾಯಿ ಯಾವ ಬದಿಯಲ್ಲಿ ಮಲಗುತ್ತೋ ಆ ಬದಿಯಲ್ಲೇ ಹಾಕಿ. ಎರಡೂ ಬದಿ ನಾಯಿ ಇದ್ರೆ ಎರಡೂ ಕಡೆ ಒಂದೇ ಹೊತ್ತಿಗೆ ಹಾಕಿ, ಇಲ್ಲದಿದ್ರೆ ಈ ಕಡೆ ಬಟ್ಟಲ ಸದ್ದಿಗೆ ಆ ಕಡೆಯವು ದಾಟ್ತವೆ. ನಿಮ್ಮ ಸ್ಕೂಟರ್ ಸದ್ದು ಕೇಳಿಯೂ ಓಡಿ ಬರ್ತವೆ, ಹಾಗಾಗಿ ಹೆದ್ದಾರಿಯಿಂದ ಬರದೆ ಹಿಂದಿನ ರಸ್ತೆಯಿಂದ ಬನ್ನಿ.

ನೆಲಮಂಗಲದವ
ಎಲ್ರಿಗೂ ಧನ್ಯವಾದ. ಡಾಬಾ ಮಾಲೀಕರು ಹಿತ್ತಲು ಕೊಡೋಕೆ ಒಪ್ಪಿದ್ದಾರೆ. ಲಸಿಕೆ ಆದವರು ಇಬ್ಬರು ತುಮಕೂರಿಂದ ಬರ್ತಾರೆ. 1033ಗೆ ಕಿಮೀ ನಂಬರ್ ಕೊಟ್ಟಾಗಿದೆ, ಭಾನುವಾರ ಗಸ್ತು ಗಾಡಿ ಕಳಿಸ್ತೀವಿ ಅಂದ್ರು. ತಾಯಿ ಊಟಕ್ಕೆ ಬರ್ತಿದೆ, ಕೇಜ್ ಬಾಗಿಲ ಹತ್ರ ಇಟ್ಟಿದೀವಿ. ಹಿತ್ತಲಲ್ಲಿ ಏನೇನು ಸಿದ್ಧ ಮಾಡ್ಲಿ? ಮೊದಲ ರಾತ್ರಿ ತಾಯಿ ತಪ್ಪಿಸ್ಕೊಂಡ್ರೆ?

ಬಲೆ_ಬುಟ್ಟಿ
ಕೇಜಿಂದ ನೇರ ಹೊರಗೆ ಬಿಡಬೇಡಿ. ಆರಡಿ ಎತ್ತರದ ಮೆಶ್ ಸುತ್ತ ಹಾಕಿ, ಕೆಳಗೆ ಒಂದಡಿ ಮಣ್ಣಲ್ಲಿ ಹೂಳಿ, ತೋಡಿಕೊಂಡು ಹೋಗೋದು ತಾಯಿನಾಯಿಗೆ ಕಷ್ಟವೇ ಅಲ್ಲ. ಮೊದಲು ಮರಿಗಳನ್ನ ಒಳಗಿಟ್ಟು, ಅವು ಕೂಗೋಕೆ ಶುರು ಮಾಡಿದ ಮೇಲೆ ಕೇಜ್ ಬಾಗಿಲು ತೆಗೀರಿ. ಒಂದು ವಾರ ಹಗಲೂ ರಾತ್ರಿ ಒಳಗೇ ಇರಲಿ. ಹೆದ್ದಾರಿ ಕಡೆ ಗೋಡೆ ಅಥವಾ ತಗಡು ಇರಲಿ, ಮೆಶ್ ಇದ್ರೆ ಹಳೇ ಜಾಗ ಕಾಣ್ತಾ ಇರುತ್ತೆ.

ಪಶುವೈದ್ಯೆ_ಹಾಸನ
ಮರಿಗಳಿಗೆ ಮರದ ಹಲಗೆ ಮೇಲೆ ಗೋಣಿಚೀಲ, ಮೇಲೆ ಮಳೆ ಬೀಳದ ಹಾಗೆ ಶೀಟು. ರಾತ್ರಿ ಚಳಿ ಇದ್ರೆ ಬಿಸಿನೀರು ಬಾಟಲಿಯನ್ನ ಬಟ್ಟೆಯಲ್ಲಿ ಸುತ್ತಿ ಒಂದು ಮೂಲೆಗೆ ಮಾತ್ರ ಇಡಿ, ಸೆಕೆಯಾದ್ರೆ ಇನ್ನೊಂದು ಮೂಲೆಗೆ ತೆವಳೋಕೆ ಜಾಗ ಬೇಕು. ಆ ಹಿತ್ತಲಲ್ಲಿ ಕಳೆದ ಒಂದು ವರ್ಷದಲ್ಲಿ ರಕ್ತಭೇದಿ ಆಗಿ ಮರಿ ಸತ್ತಿದ್ವಾ ಅಂತ ಡಾಬಾದವರನ್ನ ಕೇಳಿ. ಸತ್ತಿದ್ರೆ ಪಾರ್ವೊ ವೈರಾಣು ಮಣ್ಣಲ್ಲಿ ಉಳಿದಿರಬಹುದು, ಆ ಜಾಗ ಬಿಟ್ಟು ಬೇರೆ ಮೂಲೆ ನೋಡಿ. ಸಿಮೆಂಟು ನೆಲವಾದ್ರೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು ತೊಳೀರಿ. ಫಿನೈಲಿಗೆ ಪಾರ್ವೊ ಸಾಯಲ್ಲ.

ಜಂತುಹುಳಕ್ಕೆ ಔಷಧಿ ಈಗಲೇ ಶುರು ಮಾಡಬಹುದು, ಒಂದೊಂದು ಮರಿ ತೂಕ ಹಾಕಿಸಿ ಡಾಕ್ಟರ್ ಹತ್ರ ಬರೆಸಿಕೊಳ್ಳಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್. ಮನೆ ಹುಡುಕೋದು ಎಂಟು ವಾರ ಆದ ಮೇಲೆ. ಮರಿಗಳು ಹಾಲು ಬಿಟ್ಟ ಕೂಡಲೇ ತಾಯಿಗೆ ಆಪರೇಷನ್ ಮಾಡಿಸಿ, ಈಗಲೇ ಹೆಸರು ಬರೆಸಿಡಿ. ಮುಂದಿನ ಸಲ ಬೆದೆಗೆ ಬಂದ್ರೆ ಗರ್ಭ ಬರೀ 63 ದಿನ.

ಟೋಲ್_ದಾಟಿ
ಶನಿವಾರ ಸಂಜೆ 1033ಗೆ ಇನ್ನೊಂದು ಸಲ ಫೋನ್ ಮಾಡಿ ದೂರಿನ ನಂಬರ್ ಹೇಳಿ ನೆನಪಿಸಿ. ಭಾನುವಾರ ಗಸ್ತು ಗಾಡಿ ಬಂದಿಲ್ಲ ಅಂದ್ರೆ ತಾಯಿ ಕೇಜಲ್ಲಿದ್ರೂ ಮೀಡಿಯನ್‌ಗೆ ಇಳೀಬೇಡಿ, ಮತ್ತೆ ಫೋನ್ ಮಾಡಿ ಕಾಯಿರಿ. ಆ ವಯಸ್ಸಿನ ಮರಿಗಳು ಒಂದೆರಡು ಗಂಟೆ ತಾಯಿ ಇಲ್ಲದೆ ತಡಕೊಳ್ತವೆ.